ಗಾಡಿಯ ನೀರು ಎಲ್ಲಿಗೆ ಹೋಯ್ತು?

(ಕಂಬದೂರಿನಲ್ಲಿ ಕಲಿಕಾರ್ಥಿಗಳ ಸಂಜೆ ಸಭೆಯಲ್ಲಿ ಆಡಿದ ಮಾತು)



ಇವತ್ತಿನ ಮಾತು ಹಳೇ ಗಾಡಿಯದು. ಜೀಪು, ಸುಮೋ, ಬೊಲೆರೊ, ಟಾಟಾ ಏಸ್, ಟ್ರ್ಯಾಕ್ಟರ್ ಇವೆಲ್ಲ ನೀವು ದಿನಾ ನೋಡುವ ಗಾಡಿಗಳೇ. ಕೆಲವರು ಇವನ್ನು ಓಡಿಸ್ತೀರಿ. ಕೆಲವರು ಇವುಗಳಲ್ಲಿ ಕಡಲೆಕಾಯಿ ಮೂಟೆ ಹಾಕಿಕೊಂಡು ಹೋಗ್ತೀರಿ. ಕೆಲವರ ಮನೆಯಲ್ಲಿ ಗಾಡಿಯ ಸಾಲದ ಕಂತು ಕಟ್ಟೋದು ಅಕ್ಕಂದಿರ ಕೆಲಸ. ಆದ್ದರಿಂದ ಈ ಮಾತು ಡ್ರೈವರ್‌ಗಳಿಗೆ ಮಾತ್ರ ಅಲ್ಲ, ಎಲ್ಲರಿಗೂ.

ಕಂಬದೂರು, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲಿವೆ. ಹಿಂದೂಪುರ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆ ಬೇರೆ ಆದರೂ ಬಿಸಿಲು ಒಂದೇ, ಬೋರಿನ ನೀರು ಒಂದೇ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ. ಆಗ ಹಳೇ ಗಾಡಿಗಳು ರಸ್ತೆ ಪಕ್ಕ ಬಾನೆಟ್ ಎತ್ತಿಕೊಂಡು ನಿಂತಿರೋದನ್ನು ನೋಡಿರ್ತೀರಿ. ಡ್ರೈವರ್ ಬಿಂದಿಗೆಯಲ್ಲಿ ನೀರು ತಂದು ಸುರಿಯುತ್ತಾನೆ. ಗಾಡಿ ಮತ್ತೆ ಹೊರಡುತ್ತೆ. ನಾಳೆ ಮತ್ತೆ ಅದೇ ಕಥೆ.

ನಾನು ಹೇಳೋದು ಒಂದೇ ಮಾತು. ನೀರು ಸುರಿಯೋದು ರಿಪೇರಿ ಅಲ್ಲ. ನೀರು ಎಲ್ಲಿಗೆ ಹೋಯ್ತು ಅಂತ ಕೇಳಬೇಕು. ಉತ್ತರ ಹುಡುಕೋಕೆ ಕಣ್ಣು, ಮೂಗು, ಕೈ ಬೇಕು. ಜೊತೆಗೆ ಒಂದು ನೋಟ್‌ಪುಸ್ತಕ ಬೇಕು. ನೀವು ಕಲಿತ ಅಕ್ಷರ ಇಲ್ಲಿ ಕೆಲಸಕ್ಕೆ ಬರುತ್ತೆ.

ನೀರಿನ ಕೆಲಸ ಏನು?

ಎಂಜಿನ್ ಒಳಗೆ ಡೀಸೆಲ್ ಉರಿಯುತ್ತೆ. ಬಹಳ ಶಾಖ ಹುಟ್ಟುತ್ತೆ. ಆ ಶಾಖವನ್ನು ಹೊರಗೆ ತರೋದು ನೀರಿನ ಕೆಲಸ. ನೀರು ಎಂಜಿನ್ ಸುತ್ತ ಹರಿಯುತ್ತೆ, ಬಿಸಿಯಾಗುತ್ತೆ. ಹೋಸ್ ಪೈಪಿನಲ್ಲಿ ರೇಡಿಯೇಟರ್‌ಗೆ ಬರುತ್ತೆ. ಅಲ್ಲಿ ಫ್ಯಾನ್ ಗಾಳಿಗೆ ತಣ್ಣಗಾಗುತ್ತೆ. ಮತ್ತೆ ಎಂಜಿನ್‌ಗೆ ಹೋಗುತ್ತೆ. ಈ ನೀರನ್ನು ತಳ್ಳೋದು ವಾಟರ್ ಪಂಪು. ಕೆಲವು ಮೆಕ್ಯಾನಿಕ್‌ಗಳು ಅದನ್ನು ವಾಟರ್ ಬಾಡಿ ಅಂತಾರೆ.

ಇದು ಮುಚ್ಚಿದ ದಾರಿ. ಅದೇ ನೀರು ಸುತ್ತಿ ಸುತ್ತಿ ಬರುತ್ತೆ. ಹಾಗಾಗಿ ಗಾಡಿ ಸರಿಯಾಗಿದ್ದರೆ ದಿನಾ ನೀರು ಹಾಕುವ ಅಗತ್ಯವೇ ಇಲ್ಲ. ತಿಂಗಳುಗಟ್ಟಲೆ ಓಡಿದ ಮೇಲೆ ಸ್ವಲ್ಪ ಕಡಿಮೆ ಆಗಬಹುದು. ದಿನಾ ಕಡಿಮೆ ಆದರೆ ಎಲ್ಲೋ ತೂತು ಇದೆ ಅಂತಲೇ ಅರ್ಥ. "ಹಳೇ ಗಾಡಿ, ನೀರು ಕುಡಿಯುತ್ತೆ" ಅನ್ನೋದು ಸಮಾಧಾನದ ಮಾತು ಅಷ್ಟೆ. ಗಾಡಿ ನೀರು ಕುಡಿಯೋದಿಲ್ಲ, ಕಳೆದುಕೊಳ್ಳುತ್ತೆ.

ರೇಡಿಯೇಟರ್ ಮುಚ್ಚಳ ನಿಮ್ಮ ಮನೆಯ ಕುಕ್ಕರ್ ಮುಚ್ಚಳದ ಹಾಗೆ. ಬರೀ ನೀರು 100 ಡಿಗ್ರಿಗೆ ಕುದಿಯುತ್ತೆ. ಮುಚ್ಚಳ ಬಿಗಿಯಾಗಿದ್ದು ಒಳಗೆ ಒತ್ತಡ ಇದ್ದರೆ 100 ದಾಟಿದರೂ ಕುದಿಯೋದಿಲ್ಲ. ಮುಚ್ಚಳದ ರಬ್ಬರ್ ಹಳೇದಾದರೆ ಒತ್ತಡ ನಿಲ್ಲೋದಿಲ್ಲ. ನೀರು ಬೇಗ ಕುದಿದು ಆಚೆ ಹೋಗುತ್ತೆ. ಎಷ್ಟೋ ಸಲ ತಪ್ಪು ಮುಚ್ಚಳದ್ದೇ ಆಗಿರುತ್ತೆ. ಹೊಸ ಮುಚ್ಚಳಕ್ಕೆ ಆಗುವ ಖರ್ಚು ಎಂಜಿನ್ ಬಿಚ್ಚುವ ಖರ್ಚಿನ ಮುಂದೆ ಏನೂ ಅಲ್ಲ.

ಮೊದಲು ಜೀವ, ಆಮೇಲೆ ಗಾಡಿ

ಕುಕ್ಕರ್ ಕೂಗುತ್ತಿರುವಾಗ ಯಾರಾದರೂ ಮುಚ್ಚಳ ತೆಗೀತೀರಾ? ಇಲ್ಲ ಅಲ್ವಾ? ರೇಡಿಯೇಟರ್ ಕೂಡ ಹಾಗೇ. ಬಿಸಿ ಇರುವಾಗ ಮುಚ್ಚಳ ತಿರುಗಿಸಿದರೆ ಕುದಿಯುವ ನೀರು, ಹಬೆ ಎರಡೂ ಮುಖಕ್ಕೆ ಚಿಮ್ಮುತ್ತೆ. ಮುಖ, ಕಣ್ಣು, ಕೈ ಬೆಂದು ಹೋಗುತ್ತೆ.

ಗಾಡಿ ಬಿಸಿಯಾದರೆ ಹೀಗೆ ಮಾಡಿ. ನೆರಳು ಕಂಡ ಕಡೆ ನಿಲ್ಲಿಸಿ. ಎಂಜಿನ್ ಆಫ್ ಮಾಡಿ. ಮಕ್ಕಳನ್ನು ದೂರ ಕಳಿಸಿ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕಾಯಿರಿ. ಮೇಲಿನ ಹೋಸ್ ಪೈಪಿನ ಹತ್ತಿರ ಕೈ ತನ್ನಿ. ಕಾವು ಬಡಿದರೆ ಇನ್ನೂ ಕಾಯಿರಿ. ತಣ್ಣಗಾದ ಮೇಲೆ ದಪ್ಪ ಬಟ್ಟೆ ಹಾಕಿ ಮುಚ್ಚಳವನ್ನು ಸ್ವಲ್ಪವೇ ತಿರುಗಿಸಿ. ಬುಸ್ ಅಂತ ಸದ್ದು ಬಂದರೆ ಅಲ್ಲೇ ನಿಲ್ಲಿಸಿ. ಸದ್ದು ನಿಂತ ಮೇಲೆ ಪೂರ್ತಿ ತೆಗೆಯಿರಿ.

ಕಾದ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ. ಕಾದ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದರೆ ಏನಾಗುತ್ತೆ? ಎಂಜಿನ್ ಹೆಡ್ ಕೂಡ ಹಾಗೇ ಬಿರುಕು ಬಿಡಬಹುದು.

ಯಾರಿಗಾದರೂ ಬಿಸಿ ನೀರು ಚಿಮ್ಮಿ ಸುಟ್ಟರೆ ಆ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಯಬಿಡಿ. ಟೂತ್‌ಪೇಸ್ಟ್, ಇಂಕು, ತುಪ್ಪ ಏನೂ ಹಚ್ಚಬೇಡಿ. ಮುಖ, ಕಣ್ಣು ಸುಟ್ಟಿದ್ದರೆ ಅಥವಾ ಗಾಯ ದೊಡ್ಡದಿದ್ದರೆ 108ಕ್ಕೆ ಫೋನ್ ಮಾಡಿ.

ದಿನಕ್ಕೆ ಒಂದು ಸಾಲು ಬರೆಯಿರಿ

ಈಗ ಪುಸ್ತಕದ ಮಾತು. ಒಂದು ಲೀಟರಿನ ಖಾಲಿ ಬಾಟಲಿ ತಗೊಳ್ಳಿ. ಅದರ ಮೇಲೆ ಕಾಲು, ಅರ್ಧ, ಮುಕ್ಕಾಲು ಅಂತ ಗೆರೆ ಎಳೆಯಿರಿ. ದಿನಾ ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆ, ತಣ್ಣಗಿರುವಾಗ ನೀರು ನೋಡಿ.

ರೇಡಿಯೇಟರ್ ಪಕ್ಕ ಪ್ಲಾಸ್ಟಿಕ್ ಡಬ್ಬಿ ಇರುತ್ತೆ. ಅದರ ಮೇಲೆ ಇಂಗ್ಲಿಷಿನಲ್ಲಿ ಎರಡು ಗೆರೆ ಇರುತ್ತೆ. ಮೇಲಿನ ಗೆರೆಗೆ ಮ್ಯಾಕ್ಸ್ ಅಂತಾರೆ. ಕೆಳಗಿನದು ಮಿನ್. ನೀರು ಈ ಎರಡರ ನಡುವೆ ಇರಬೇಕು. ಡಬ್ಬಿಯಲ್ಲಿ ನೀರು ಇದ್ದರೂ ವಾರಕ್ಕೊಮ್ಮೆ ರೇಡಿಯೇಟರ್ ಮುಚ್ಚಳವನ್ನೂ ತೆಗೆದು ನೋಡಿ. ಹಳೇ ಗಾಡಿಯಲ್ಲಿ ಡಬ್ಬಿಗೆ ಹೋಗುವ ಸಣ್ಣ ಪೈಪು ಒಡೆದಿದ್ದರೆ ಡಬ್ಬಿ ತುಂಬಿರುತ್ತೆ, ರೇಡಿಯೇಟರ್ ಖಾಲಿ ಇರುತ್ತೆ. ಎಷ್ಟೋ ಹಳೇ ಟ್ರ್ಯಾಕ್ಟರ್‌ಗಳಿಗೆ ಡಬ್ಬಿಯೇ ಇರೋದಿಲ್ಲ. ಅಂಥದ್ದರಲ್ಲಿ ನೀರು ರೇಡಿಯೇಟರ್ ಬಾಯಿಗಿಂತ ಸ್ವಲ್ಪ ಕೆಳಗೆ ಇದ್ದರೆ ಸಾಕು.

ಕಡಿಮೆ ಇದ್ದರೆ ಬಾಟಲಿಯಿಂದ ಅಳೆದು ಹಾಕಿ. ಎಷ್ಟು ಹಾಕಿದಿರಿ, ಹಿಂದಿನ ದಿನ ಗಾಡಿ ಎಲ್ಲಿಗೆ ಹೋಗಿತ್ತು ಅಂತ ಬರೆಯಿರಿ. ಒಂದು ಉದಾಹರಣೆ ನೋಡಿ.

ಸೋಮವಾರ. ನಿನ್ನೆ ಕಲ್ಯಾಣದುರ್ಗಕ್ಕೆ 2 ಟ್ರಿಪ್. ನೀರು ಕಾಲು ಲೀಟರ್.
ಮಂಗಳವಾರ. ನಿನ್ನೆ ಕಲ್ಯಾಣದುರ್ಗಕ್ಕೆ 2 ಟ್ರಿಪ್. ನೀರು ಕಾಲು ಲೀಟರ್.
ಬುಧವಾರ. ನಿನ್ನೆ ಗಾಡಿ ನಿಂತಿತ್ತು. ನೀರು ಹಾಕಿಲ್ಲ.
ಗುರುವಾರ. ನಿನ್ನೆ ಪಾವಗಡಕ್ಕೆ ಲೋಡ್. ನೀರು ಅರ್ಧ ಲೀಟರ್.
ಶುಕ್ರವಾರ. ನಿನ್ನೆ ಗಾಡಿ ನಿಂತಿತ್ತು. ನೀರು ಹಾಕಿಲ್ಲ.

ಕೂಡಿಸಿ ನೋಡಿ. 5 ದಿನಕ್ಕೆ 1 ಲೀಟರ್. ಈ ಐದು ಸಾಲು ಇನ್ನೊಂದು ವಿಷಯವನ್ನೂ ಹೇಳುತ್ತೆ. ಗಾಡಿ ನಿಂತ ದಿನ ನೀರು ಹೋಗಿಲ್ಲ. ಓಡಿದ ದಿನ ಹೋಗಿದೆ. ಲೋಡ್ ಹಾಕಿದ ದಿನ ಹೆಚ್ಚು ಹೋಗಿದೆ. ಅಂದರೆ ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ನೀರು ಜಾರುತ್ತಿದೆ. ಇಲ್ಲಿ ಮುಚ್ಚಳದ ಮೇಲೆ, ಪೈಪಿನ ಬಿರುಕಿನ ಮೇಲೆ, ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಹಾಗಲ್ಲದೆ ನಿಂತ ಗಾಡಿಯಲ್ಲೂ ನೀರು ಕಡಿಮೆ ಆದರೆ ಸೋರಿಕೆ ಹೊರಗಡೆಯೇ ಸಿಗುವ ಸಂಭವ ಹೆಚ್ಚು.

ಬಾಯಿ ಮಾತಿನಲ್ಲಿ "ಆಗಾಗ ನೀರು ಹಾಕ್ತೀನಿ" ಅಂದರೆ ಇದು ಯಾವುದೂ ಗೊತ್ತಾಗೋದಿಲ್ಲ. ಬರೆದರೆ ಗೊತ್ತಾಗುತ್ತೆ.

ನೀರು ಹೋಗೋಕೆ ಮೂರು ದಾರಿ

ಮೊದಲನೇ ದಾರಿ ಹೊರಗೆ ಸೋರೋದು. ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಅಡಿಯಲ್ಲಿ ಹಳೇ ನ್ಯೂಸ್ ಪೇಪರ್ ಹಾಸಿ. ಹಾರದಂತೆ ಕಲ್ಲು ಇಡಿ. ಬೆಳಗ್ಗೆ ಕಲೆ ನೋಡಿ. ಕಪ್ಪಗೆ ಜಿಡ್ಡಾಗಿದ್ದರೆ ಅದು ಆಯಿಲ್. ಹಸಿರು ಅಥವಾ ಗುಲಾಬಿ ಬಣ್ಣ ಇದ್ದು ಜಾರುವಂತಿದ್ದರೆ ಅದು ಕೂಲೆಂಟ್. ಏಸಿ ಹಾಕಿದ ಗಾಡಿಯಿಂದ ಬಣ್ಣ, ವಾಸನೆ ಇಲ್ಲದ ನೀರು ತೊಟ್ಟಿಕ್ಕುತ್ತೆ. ಅದು ಗಾಳಿಯ ತೇವ. ಅದಕ್ಕೆ ಹೆದರಬೇಡಿ.

ಕಲೆ ಎಲ್ಲಿ ಬಿದ್ದಿದೆಯೋ ಅದರ ಮೇಲ್ಗಡೆ ಹುಡುಕಿ. ಎಂಜಿನ್ ತಣ್ಣಗಿರುವಾಗ ಹೋಸ್ ಪೈಪನ್ನು ಹಿಸುಕಿ ನೋಡಿ. ಬಿರುಕು ಬಿಟ್ಟಿದೆಯಾ? ಹಿಸುಕಿದರೆ ಕೆಸರಿನ ಹಾಗೆ ಮೆತ್ತಗಿದೆಯಾ? ಕ್ಲಿಪ್ ಸಡಿಲ ಇದೆಯಾ? ರೇಡಿಯೇಟರ್ ಮೇಲೆ ಒಣಗಿದ ಬಿಳಿ ಅಥವಾ ಹಸಿರು ಗೆರೆ ಇದೆಯಾ? ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತೆ. ಅಲ್ಲಿಂದ ನೀರು ತೊಟ್ಟಿಕ್ಕಿದರೆ ಪಂಪಿನ ಸೀಲ್ ಹೋಗಿದೆ ಅಂತ. ಆ ತೂತನ್ನು ಎಂ-ಸೀಲ್ ಹಾಕಿ ಮುಚ್ಚಬೇಡಿ. ಪಂಪು ಕೆಟ್ಟಿದೆ ಅಂತ ತಿಳಿಸೋಕೇ ಆ ತೂತು ಇರೋದು.

ಎರಡನೇ ದಾರಿ ಮುಚ್ಚಳ. ಮುಚ್ಚಳದ ಸುತ್ತ, ಬಾನೆಟ್ ಒಳಗಡೆ ನೀರು ಸಿಡಿದ ಗುರುತು ಇದ್ದರೆ, ಡಬ್ಬಿ ತುಂಬಿ ಉಕ್ಕುತ್ತಿದ್ದರೆ ಮೊದಲು ಮುಚ್ಚಳದ ರಬ್ಬರ್ ನೋಡಿ. ಹೊಸದು ತರುವಾಗ ಹಳೇ ಮುಚ್ಚಳದ ಮೇಲಿನ ಅಂಕಿ ಓದಿ. 0.9 ಅಂತ ಇದ್ದರೆ 0.9 ಇರುವುದನ್ನೇ ತನ್ನಿ. ಯಾವುದೋ ಒಂದು ತಂದು ಹಾಕಬೇಡಿ.

ಮೂರನೇ ದಾರಿ ಎಂಜಿನ್ ಒಳಗೆ. ಇದು ಕಣ್ಣಿಗೆ ಕಾಣದ ದಾರಿ. ಇದೇ ದೊಡ್ಡ ಅಪಾಯ. ಹೆಡ್ ಗ್ಯಾಸ್ಕೆಟ್ ಸುಟ್ಟರೆ ಅಥವಾ ಹೆಡ್ ಬಿರುಕು ಬಿಟ್ಟರೆ ನೀರು ಒಳಗೆ ಇಳಿಯುತ್ತೆ. ನೆಲದ ಮೇಲೆ ಒಂದು ಹನಿಯೂ ಬೀಳೋದಿಲ್ಲ, ಆದರೆ ನೀರು ಖಾಲಿ! ಇದಕ್ಕೆ ನಾಲ್ಕು ಗುರುತು ಇವೆ.

ಒಂದು: ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ಬರುತ್ತೆ. ಚಳಿಗಾಲದ ಬೆಳಗ್ಗೆ ಸ್ವಲ್ಪ ಹೊತ್ತು ಬಿಳಿ ಹಬೆ ಬಂದರೆ ಅದು ಸಹಜ.
ಎರಡು: ಆಯಿಲ್ ನೋಡುವ ಕಡ್ಡಿ ಎಳೆದರೆ ಆಯಿಲ್ ಹಾಲು ಹಾಕಿದ ಕಾಫಿಯ ಹಾಗೆ ಕಾಣುತ್ತೆ.
ಮೂರು: ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ನೀರಿನಲ್ಲಿ ಗುಳ್ಳೆ ಬರುತ್ತಲೇ ಇರುತ್ತೆ.
ನಾಲ್ಕು: ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಹೋಸ್ ಪೈಪು ಕಲ್ಲಿನ ಹಾಗೆ ಗಟ್ಟಿಯಾಗುತ್ತೆ.

ಆಯಿಲ್ ಕಾಫಿ ಬಣ್ಣ ಆಗಿದ್ದರೆ ಗಾಡಿ ಓಡಿಸಲೇಬೇಡಿ. ಕಟ್ಟಿ ಎಳೆಸಿಕೊಂಡು ಹೋಗಿ. ನೀರು ಸೇರಿದ ಆಯಿಲ್ ಬೇರಿಂಗ್ ಕಾಪಾಡೋದಿಲ್ಲ. ಒಂದು ಟ್ರಿಪ್ಪಿನ ಬಾಡಿಗೆ ಆಸೆಗೆ ಇಡೀ ಎಂಜಿನ್ ಕಳೆದುಕೊಳ್ಳೋದು ಬೇಡ.

ಹೀಟರ್ ಹೇಳುವ ಸಾಕ್ಷಿ

"ನಮ್ಮ ಸೀಮೆಯಲ್ಲಿ ಹೀಟರ್ ಯಾಕೆ ಸಾರ್?" ಅಂತ ನೀವು ಕೇಳಬಹುದು. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಬೆಂಗಳೂರಿಗೆ ಹೊರಡುವವರಿಗೆ ಗೊತ್ತು. ಮುಂದಿನ ಗಾಜಿಗೆ ಮಂಜು ಕಟ್ಟಿ ರಸ್ತೆ ಕಾಣೋದಿಲ್ಲ. ಆಗ ಹೀಟರ್ ಬೇಕು. ಬಳಸದವರಿಗೂ ಇದು ಗೊತ್ತಿರಬೇಕು. ಯಾಕಂದ್ರೆ ಹೀಟರ್‌ಗೆ ಹೋಗೋದು ಎಂಜಿನ್ನಿನ ನೀರೇ.

ಡ್ಯಾಶ್‌ಬೋರ್ಡ್ ಒಳಗೆ ಒಂದು ಪುಟ್ಟ ರೇಡಿಯೇಟರ್ ಇದೆ ಅಂತ ತಿಳಿಯಿರಿ. ಎಂಜಿನ್ನಿಂದ ಎರಡು ಸಣ್ಣ ಹೋಸ್ ಪೈಪು ಅಲ್ಲಿಗೆ ಹೋಗುತ್ತವೆ. ಬಿಸಿ ನೀರು ಅದರೊಳಗೆ ಹರಿಯುತ್ತೆ, ಫ್ಯಾನ್ ಗಾಳಿ ಅದರ ಮೇಲೆ ಹಾಯ್ದು ಬಿಸಿಯಾಗಿ ಬರುತ್ತೆ. ಎಷ್ಟೋ ಗಾಡಿಯಲ್ಲಿ ಈ ಪೈಪುಗಳನ್ನು ವರ್ಷಗಟ್ಟಲೆ ಯಾರೂ ನೋಡಿರೋದಿಲ್ಲ. ಹೊರಗೆಲ್ಲ ಹುಡುಕಿದರೂ ಸೋರಿಕೆ ಸಿಗದಿದ್ದರೆ ಇಲ್ಲಿ ಹುಡುಕಿ.

ಕಾಲ ಬುಡದ ಮ್ಯಾಟ್ ಒದ್ದೆಯಾಗಿದೆ. ಗಾಡಿ ಒಳಗೆ ಸಿಹಿ ವಾಸನೆ ಬರುತ್ತೆ. ಗಾಜಿನ ಒಳಗಡೆ ಜಿಡ್ಡು ಮಂಜು ಕಟ್ಟುತ್ತೆ, ಒರೆಸಿದರೂ ಮತ್ತೆ ಕಟ್ಟುತ್ತೆ. ಹೀಗಾದರೆ ಹೀಟರ್ ಒಳಗೆ ಸೋರುತ್ತಿದೆ. ನಮ್ಮ ಕಡೆ ಮೆಕ್ಯಾನಿಕ್‌ಗಳು ಹೀಟರ್ ಪೈಪು ಎರಡನ್ನೂ ಬಿಚ್ಚಿ, ಒಂದಕ್ಕೊಂದು ಜೋಡಿಸಿ, ಹೀಟರ್‌ಗೆ ನೀರು ಹೋಗದ ಹಾಗೆ ಮಾಡ್ತಾರೆ. ಸೋರಿಕೆ ನಿಲ್ಲುತ್ತೆ, ಹೀಟರ್ ಇರೋದಿಲ್ಲ. ಬೇಸಿಗೆ ದಾಟೋಕೆ ಇದು ಪರವಾಗಿಲ್ಲ. ಆದರೆ ಹಾಗೆ ಮಾಡಿದ್ದನ್ನು ಪುಸ್ತಕದಲ್ಲಿ ಬರೆದಿಡಿ.

ಎಂಜಿನ್ ಬಿಸಿ ಇದೆ, ಹೀಟರ್ ಗಾಳಿ ತಣ್ಣಗಿದೆ. ಇದಕ್ಕೆ ಕಾರಣ ನಾಲ್ಕು ಇರಬಹುದು. ನೀರು ಕಡಿಮೆ ಆಗಿದೆ. ಪೈಪಿನಲ್ಲಿ ಗಾಳಿ ಸೇರಿದೆ. ಹೀಟರ್ ಒಳಗೆ ಕಸ ಕಟ್ಟಿದೆ. ಹೀಟರ್ ವಾಲ್ವ್ ಅಥವಾ ಅದರ ಕೇಬಲ್ ಜಾಮ್ ಆಗಿದೆ. ಮೊದಲು ನೀರು ನೋಡಿ. ನೀರು ಕಡಿಮೆ ಇದ್ದರೆ ತುಂಬಿಸಿ ಗಾಳಿ ತೆಗೆಯಬೇಕು. ಎಂಜಿನ್ ತಣ್ಣಗಿರುವಾಗ ಗಾಡಿಯ ಮೂತಿ ದಿಣ್ಣೆಯ ಕಡೆ ಇರುವಂತೆ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆಯಿರಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಹೀಟರ್ ಪೂರ್ತಿ ತಿರುಗಿಸಿ. ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಗುಳ್ಳೆ ಬಂದು ನೀರು ಇಳಿದ ಹಾಗೆ ಸ್ವಲ್ಪ ಸ್ವಲ್ಪ ಹಾಕಿ. ಮುಖ ದೂರ ಇರಲಿ. ನೀರು ಕಾಯುವ ಮುಂಚೆಯೇ ಮುಚ್ಚಳ ಹಾಕಿ. ಗುಳ್ಳೆ ನಿಲ್ಲಲೇ ಇಲ್ಲ ಅಂದ್ರೆ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ.

ಹೀಟರ್ ಬಿಸಿಯೇ ಆಗೋದಿಲ್ಲ, ಮೀಟರಿನ ಮುಳ್ಳೂ ಮೇಲೆ ಏಳೋದಿಲ್ಲ. ಹೀಗಿದ್ದರೆ ಥರ್ಮೋಸ್ಟಾಟ್ ನೋಡಿಸಿ. ಅದು ನೀರಿನ ದಾರಿಯ ಬಾಗಿಲು. ಎಂಜಿನ್ ಹದಕ್ಕೆ ಬಿಸಿಯಾಗುವ ತನಕ ಮುಚ್ಚಿರುತ್ತೆ, ಆಮೇಲೆ ತೆರೆಯುತ್ತೆ. ಅದು ತೆರೆದೇ ನಿಂತಿರಬಹುದು. ಹಿಂದೆ ಯಾರೋ ಕಿತ್ತು ಹಾಕಿರಲೂಬಹುದು. ಥರ್ಮೋಸ್ಟಾಟ್ ಇಲ್ಲದಿದ್ದರೆ ಎಂಜಿನ್ ಹದಕ್ಕೆ ಬರೋಕೆ ಬಹಳ ಹೊತ್ತು ಬೇಕು. ಡೀಸೆಲ್ ಹೆಚ್ಚು ಖರ್ಚಾಗುತ್ತೆ, ಎಂಜಿನ್ ಬೇಗ ಸವೆಯುತ್ತೆ. ಅದೇ ಥರ್ಮೋಸ್ಟಾಟ್ ಮುಚ್ಚಿಕೊಂಡು ಜಾಮ್ ಆದರೆ ಎಂಜಿನ್ ಕಾದು ಕುದಿಯುತ್ತೆ.

ಮುಳ್ಳಿನ ಮೀಟರ್ ಓದೋದು ಹೇಗೆ? ಅರ್ಧ ಚಂದ್ರನ ಹಾಗಿರುವ ಅಕ್ಷರ ಇಂಗ್ಲಿಷಿನ ಸಿ. ಅಂದರೆ ತಣ್ಣಗೆ. ಒಂದೇ ಮೆಟ್ಟಿಲಿನ ಏಣಿಯ ಹಾಗಿರುವ ಅಕ್ಷರ ಎಚ್. ಅಂದರೆ ಬಿಸಿ. ಮುಳ್ಳು ನಡುವಿನ ಆಸುಪಾಸು ಇರಬೇಕು. ಎಚ್ ಕಡೆ ಹೊರಟರೆ ಗಾಡಿ ನಿಲ್ಲಿಸಿ. ನಿಲ್ಲಿಸೋಕೆ ಜಾಗ ಸಿಗುವ ತನಕ ಹೀಟರ್ ಪೂರ್ತಿ ಹಾಕಿ, ಕಿಟಕಿ ತೆಗೆಯಿರಿ. ಹೀಟರ್ ಸ್ವಲ್ಪ ಶಾಖ ಎಳೆದುಕೊಳ್ಳುತ್ತೆ. ಸೆಕೆ ಆಗುತ್ತೆ, ಆದರೆ ಎಂಜಿನ್ ಉಳಿಯಬಹುದು.

ಇನ್ನೊಂದು ಮುಖ್ಯ ಮಾತು. ನೀರು ಪೂರ್ತಿ ಖಾಲಿಯಾದರೆ ಮುಳ್ಳು ಸುಳ್ಳು ಹೇಳಬಹುದು. ಅದರ ಸೆನ್ಸಾರ್ ನೀರಿನಲ್ಲಿ ಮುಳುಗಿದ್ದರೇ ಸರಿಯಾಗಿ ತೋರಿಸೋದು. ಬಿಸಿ ಗಾಳಿ ಕೊಡುತ್ತಿದ್ದ ಹೀಟರ್ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬಿಟ್ಟರೆ ಮುಳ್ಳನ್ನು ನಂಬಬೇಡಿ. ಗಾಡಿ ನಿಲ್ಲಿಸಿ, ತಣಿಯೋಕೆ ಬಿಟ್ಟು ನೀರು ನೋಡಿ.

ಬೋರಿನ ನೀರು ಬೇಡ

ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟೋದನ್ನು ಅಕ್ಕಂದಿರು ನೋಡಿದ್ದೀರಿ. ಅದೇ ಪದರ ರೇಡಿಯೇಟರ್ ಒಳಗೂ ಕಟ್ಟುತ್ತೆ. ಅದರ ಕೊಳವೆಗಳು ಬಹಳ ಸಣ್ಣವು, ಬೇಗ ಮುಚ್ಚಿಹೋಗುತ್ತವೆ. ಆಮೇಲೆ ನೀರು ತುಂಬಿದ್ದರೂ ಎಂಜಿನ್ ಕಾಯುತ್ತೆ. ಆದ್ದರಿಂದ ಬೋರಿನ ನೀರು ಹಾಕಬೇಡಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಳ್ಳೆಯದು. ಅದಿಲ್ಲದಿದ್ದರೆ ಫಿಲ್ಟರ್ ನೀರಿನ ಕ್ಯಾನ್ ಇದೆ. ದಾರಿಯಲ್ಲಿ ಬೇರೆ ಗತಿ ಇಲ್ಲದಾಗ ಯಾವ ನೀರಾದರೂ ಹಾಕಿ ಮನೆ ಸೇರಿ. ಆದರೆ ಅದನ್ನು ಬರೆದಿಟ್ಟು, ಆಮೇಲೆ ಆ ನೀರು ತೆಗೆಸಿ.

ನೀರಿನ ಜೊತೆ ಕೂಲೆಂಟ್ ಬೇಕು. ಲಡಾಖ್‌ನಂಥ ಚಳಿ ಸೀಮೆಯಲ್ಲಿ ಅದು ನೀರು ಹೆಪ್ಪುಗಟ್ಟದಂತೆ ತಡೆಯುತ್ತೆ. ನಮ್ಮಲ್ಲಿ ತುಕ್ಕು ಹಿಡಿಯದಂತೆ, ನೀರು ಬೇಗ ಕುದಿಯದಂತೆ ಕಾಯುತ್ತೆ. ಕ್ಯಾನ್ ಮೇಲೆ ಬರೆದಿರೋದನ್ನು ಓದಿ ಅಥವಾ ಓದಿಸಿ. ಕೆಲವನ್ನು ನೇರ ಹಾಕಬೇಕು. ಕೆಲವಕ್ಕೆ ಹೇಳಿದಷ್ಟು ನೀರು ಬೆರೆಸಬೇಕು. ಬೇರೆ ಬೇರೆ ಜಾತಿಯ ಕೂಲೆಂಟ್ ಬೆರೆಸಬೇಡಿ.

ಕೂಲೆಂಟ್ ಸಿಹಿ ಇರುತ್ತೆ. ಆದರೆ ಅದು ವಿಷ. ಮಕ್ಕಳು, ನಾಯಿ, ಮೇಕೆ ನೆಕ್ಕಿದರೆ ಪ್ರಾಣ ಹೋಗಬಹುದು. ಕೂಲ್ ಡ್ರಿಂಕ್ಸ್ ಬಾಟಲಿಯಲ್ಲಿ ಯಾವತ್ತೂ ತುಂಬಿಡಬೇಡಿ. ನೆಲಕ್ಕೆ ಸುರಿದು ಬಿಡಬೇಡಿ. ಮಗು ಕುಡಿದದ್ದು ಗೊತ್ತಾದರೆ ವಾಂತಿ ಮಾಡಿಸುತ್ತಾ ಕೂರಬೇಡಿ. ಕ್ಯಾನ್ ಹಿಡಿದುಕೊಂಡೇ ಕೂಡಲೇ ಆಸ್ಪತ್ರೆಗೆ ಹೋಗಿ.

ಟ್ರ್ಯಾಕ್ಟರ್ ಇರುವವರಿಗೆ ಒಂದು ಮಾತು. ಕಡಲೆಕಾಯಿ ಒಕ್ಕಣೆ ಕಾಲದಲ್ಲಿ ಹೊಟ್ಟು, ಧೂಳು ರೇಡಿಯೇಟರ್ ಜಾಲರಿಗೆ ಅಂಟುತ್ತೆ, ಗಾಳಿ ಹಾಯೋದಿಲ್ಲ. ಎಂಜಿನ್ ನಿಲ್ಲಿಸಿ ದಿನಾ ಮೆತ್ತಗಿನ ಬ್ರಷ್‌ನಿಂದ ಬಿಡಿಸಿ. ಫ್ಯಾನ್ ಬೆಲ್ಟ್ ಸಡಿಲ ಇದೆಯಾ ನೋಡಿ.

ಮೆಕ್ಯಾನಿಕ್ ಹತ್ತಿರ ಹೋಗುವಾಗ

ಪುಸ್ತಕ ತಗೊಂಡು ಹೋಗಿ. "ಅಣ್ಣಾ, 5 ದಿನಕ್ಕೆ 1 ಲೀಟರ್ ನೀರು ಹೋಗಿದೆ. ನಿಂತಾಗ ಹೋಗೋದಿಲ್ಲ, ಲೋಡ್ ಹಾಕಿದಾಗ ಹೋಗುತ್ತೆ. ಕೆಳಗೆ ಕಲೆ ಇಲ್ಲ. ಆಯಿಲ್ ಚೆನ್ನಾಗಿದೆ" ಅಂತ ಹೇಳಿ. ಒಳ್ಳೆಯ ಮೆಕ್ಯಾನಿಕ್‌ಗೆ ಇದರಿಂದ ಅರ್ಧ ಕೆಲಸ ಉಳಿಯುತ್ತೆ. ಅವರ ಹತ್ತಿರ ಪ್ರೆಷರ್ ಪಂಪ್ ಇದ್ದರೆ ಅದರಿಂದ ಪರೀಕ್ಷೆ ಮಾಡಿ ಅಂತ ಕೇಳಿ. ಹೆಡ್ ಬಿಚ್ಚುವ ಮುಂಚೆ ಮುಚ್ಚಳ, ಹೋಸ್ ಪೈಪು, ಕ್ಲಿಪ್ಪು ನೋಡಿದಿರಾ ಅಂತಲೂ ಕೇಳಿ. ಕೇಳೋಕೆ ನಾಚಿಕೆ ಬೇಡ. ದುಡ್ಡು ನಿಮ್ಮದು.

ಬಿಲ್ ಬರೆಸಿಕೊಳ್ಳಿ. ತೆಲುಗಿನಲ್ಲಿ ಬರೆದರೂ ಹೆದರಬೇಡಿ. ಕನ್ನಡ ಅಕ್ಷರ ಬಲ್ಲವರಿಗೆ ತೆಲುಗು ಅಕ್ಷರ ನೆಂಟರ ಹಾಗೆ. ಏನು ಹಾಕಿದರು, ಎಷ್ಟು ದುಡ್ಡು ಅಂತ ಓದಿ ಕೂಡಿಸಿ ನೋಡಿ. ಬಿಚ್ಚಿದ ಹಳೇ ಸಾಮಾನು ಕೇಳಿ ಪಡೆಯಿರಿ. ರಿಪೇರಿ ಆದ ಮೇಲೂ ಹತ್ತು ದಿನ ನೀರಿನ ಲೆಕ್ಕ ಬರೆಯಿರಿ. ನೀರು ಇಳಿಯದಿದ್ದರೆ ರಿಪೇರಿ ಸರಿಯಾಗಿದೆ. ಇಳಿದರೆ ಪುಸ್ತಕ ತೋರಿಸಿ ಮತ್ತೆ ಕೇಳಿ.

ನೆನಪಿಡಿ

ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ.
ಕಾದ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ.
ಕೂಲೆಂಟ್ ವಿಷ. ಮಕ್ಕಳಿಂದ ದೂರ ಇಡಿ.
ಹೀಟರ್ ದಿಢೀರನೆ ತಣ್ಣಗಾದರೆ ಗಾಡಿ ನಿಲ್ಲಿಸಿ.
ಆಯಿಲ್ ಕಾಫಿ ಬಣ್ಣ ಆದರೆ ಓಡಿಸಬೇಡಿ.
ದಿನಕ್ಕೆ ಒಂದು ಸಾಲು ಬರೆಯಿರಿ.

ನಾಳೆ ಬೆಳಗ್ಗೆಯೇ ಶುರು ಮಾಡಿ. ಗಾಡಿ ಇಲ್ಲದವರು ಪಕ್ಕದ ಮನೆಯವರ ಗಾಡಿಯ ನೀರು ನೋಡಿ ಬರೆಯಿರಿ. ಅಕ್ಷರ ಸೊಟ್ಟಗಿದ್ದರೂ ಚಿಂತೆ ಇಲ್ಲ, ಲೆಕ್ಕ ಸರಿ ಇರಲಿ. ಮುಂದಿನ ವಾರ ಬರುವಾಗ ಪುಸ್ತಕ ತನ್ನಿ. ಯಾರ ಗಾಡಿಯ ನೀರು ಎಲ್ಲಿಗೆ ಹೋಯ್ತು ಅಂತ ಎಲ್ಲರೂ ಕೂತು ಓದೋಣ.